ಖಾಲಿ ಕೋಣೆಯ ಲೆಕ್ಕಪುಸ್ತಕ

ಸ್ವೀಡಿಶ್ ಭಾಷೆಯಲ್ಲಿ ಮನೆಯ ಹಾಲ್‌ಗೆ ‘ವಾರ್ಡಾಗ್ಸ್‌ರುಮ್’ ಎಂಬ ಹೆಸರಿದೆ. ಪದವನ್ನು ಬಿಡಿಸಿದರೆ ‘ದಿನನಿತ್ಯದ ಕೋಣೆ’ ಎಂದಾಗುತ್ತದೆ. ಮಕ್ಕಳು ಓದಿಕೊಳ್ಳುವುದು, ಬಟ್ಟೆಗೆ ಗುಂಡಿ ಹೊಲಿಯುವುದು, ಗಂಡಹೆಂಡಿರು ಜಗಳವಾಡುವುದು, ಊಟ ಮುಗಿಸಿ ತೂಕಡಿಸುವುದು ಎಲ್ಲವೂ ನಡೆಯುವ ಜಾಗವಿದು ಎಂಬ ಸೂಚನೆ ಆ ಹೆಸರಿನಲ್ಲೇ ಇದೆ.

ಆದರೆ ‘ಸ್ಕ್ಯಾಂಡಿನೇವಿಯನ್ ಮಿನಿಮಲಿಸಂ’ ಎಂಬ ಹೆಸರಿನಲ್ಲಿ ಇವತ್ತು ಲೋಕದ ತುಂಬ ಓಡಾಡುತ್ತಿರುವ ಹಾಲ್‌ನ ಚಿತ್ರವನ್ನು ನೋಡಿದರೆ, ಅದರಲ್ಲಿ ಇಲ್ಲದಿರುವುದು ದಿನನಿತ್ಯವೇ. ಬಿಳಿ ಗೋಡೆ, ತಿಳಿಬಣ್ಣದ ಮರದ ನೆಲ, ಬೂದು ಸೋಫಾ, ಸೋಫಾದ ತೋಳಿನ ಮೇಲೆ ಯಾರೋ ಮರೆತುಹೋದಂತೆ ಕಾಣುವ ಆದರೆ ಬಹಳ ಎಚ್ಚರದಿಂದ ಹರವಿದ ಉಣ್ಣೆಯ ಹೊದಿಕೆ, ಗಾಜಿನ ಹೂದಾನಿಯಲ್ಲಿ ಒಂದೇ ಒಂದು ಟೊಂಗೆ. ಚಾರ್ಜರಿನ ವೈರು, ಮಾತ್ರೆಯ ಡಬ್ಬಿ, ಮಡಚದ ಬಟ್ಟೆಯ ಗುಡ್ಡೆ, ಬ್ಯಾಂಕಿನಿಂದ ಬಂದ ಕಾಗದ, ಮುರಿದ ಆಟಿಕೆ ಯಾವುದೂ ಇಲ್ಲ. ಮನುಷ್ಯರೂ ಬಹುಮಟ್ಟಿಗೆ ಇಲ್ಲ. ಇಂಥ ಕೋಣೆಯನ್ನು ಮಾಡಿಕೊಳ್ಳುವುದು ಹೇಗೆಂದು ಕಲಿಸುವ ಬರಹಗಳು ಸಾಮಾನ್ಯವಾಗಿ ಒಂದು ವಿವರಣೆಯಿಂದ ಶುರುವಾಗುತ್ತವೆ: ಉತ್ತರದ ಜನ ಸ್ವಭಾವತಃ ಸರಳರು, ಬೆಳಕಿನ ಪ್ರಿಯರು, ಬೇಡದ್ದನ್ನು ಇಟ್ಟುಕೊಳ್ಳದವರು, ಅವರ ಕೋಣೆ ಅವರ ಸ್ವಭಾವದ ಕನ್ನಡಿ.

ಸಾಹಿತ್ಯದ ವಿದ್ಯಾರ್ಥಿಗೆ ಈ ವಿವರಣೆ ಅನುಮಾನ ಹುಟ್ಟಿಸಬೇಕು. ಒಂದು ಜನದ ‘ಸ್ವಭಾವ’ ಎಂದು ಹೇಳುವಲ್ಲೆಲ್ಲ ಸಾಮಾನ್ಯವಾಗಿ ಒಂದು ಚರಿತ್ರೆ ಮರೆಯಾಗಿರುತ್ತದೆ. ಆ ನಾಡುಗಳ ನಾಟಕ, ಚಿತ್ರಕಲೆ, ಕಾದಂಬರಿ, ಸಿನಿಮಾಗಳನ್ನೇ ಸಾಕ್ಷಿಗೆ ಕರೆದರೆ ಅವು ಹೇಳುವ ಕತೆ ಬೇರೆ. ಅಲ್ಲಿ ಹಾಲ್ ಎನ್ನುವುದು ನೂರೈವತ್ತು ವರ್ಷಗಳಿಂದ ವಾದ ನಡೆದ ಜಾಗ. ಕೋಣೆಯಲ್ಲಿ ಏನಿರಬೇಕು ಎಂಬ ಪ್ರಶ್ನೆಯ ಜೊತೆಜೊತೆಗೇ ಅಲ್ಲಿ ಬೇರೆ ಪ್ರಶ್ನೆಗಳೂ ಬಂದಿವೆ: ಇದಕ್ಕೆ ದುಡ್ಡು ಕೊಟ್ಟವರು ಯಾರು, ಇದನ್ನು ಒರೆಸುವವರು ಯಾರು, ಇಲ್ಲಿ ಕೂರಲು ಯಾರಿಗೆ ಅನುಮತಿ? ಇವತ್ತಿನ ಶೈಲಿ ಆ ವಾದದ ಉತ್ತರವೊಂದನ್ನು ಎತ್ತಿಕೊಂಡು ಪ್ರಶ್ನೆಗಳನ್ನು ಅಲ್ಲೇ ಬಿಟ್ಟು ಬಂದಿದೆ ಎಂಬುದು ನನ್ನ ಓದು.

*

ಇಬ್ಸನ್‌ನಿಂದ ಶುರುಮಾಡೋಣ. ‘ಎ ಡಾಲ್ಸ್ ಹೌಸ್’ ಪ್ರಕಟವಾದದ್ದು 1879ರ ಡಿಸೆಂಬರಿನಲ್ಲಿ. ಅದೇ ತಿಂಗಳು ಕೋಪನ್‌ಹೇಗನ್ನಿನ ರಾಯಲ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ನಾಟಕದ ಮೂರೂ ಅಂಕಗಳು ಹೆಲ್ಮರ್ ದಂಪತಿಯ ಹಾಲ್‌ನಲ್ಲೇ ನಡೆಯುತ್ತವೆ. ಆ ಕೋಣೆಯನ್ನು ಇಬ್ಸನ್ ರಂಗಸೂಚನೆಯಲ್ಲಿ ಒಬ್ಬ ಅಮೀನನ ಹಾಗೆ ಪಟ್ಟಿಮಾಡುತ್ತಾನೆ. ಪಿಯಾನೊ, ದುಂಡು ಮೇಜು, ಒರಗು ಕುರ್ಚಿಗಳು, ಸಣ್ಣ ಸೋಫಾ, ಪಿಂಗಾಣಿಯ ಒಲೆ, ಅದರ ಪಕ್ಕ ತೂಗುಕುರ್ಚಿ, ಗೋಡೆಯ ಮೇಲೆ ಅಚ್ಚಿನ ಚಿತ್ರಗಳು, ಪಿಂಗಾಣಿ ಸಾಮಾನು ಮತ್ತು ಚಿಕ್ಕಪುಟ್ಟ ಕಲಾವಸ್ತುಗಳನ್ನು ಜೋಡಿಸಿಟ್ಟ ಹಲಗೆ, ಒಳ್ಳೆಯ ರಟ್ಟು ಹಾಕಿಸಿದ ಪುಸ್ತಕಗಳ ಕಪಾಟು, ನೆಲಕ್ಕೆ ಜಮಖಾನೆ. ಹಾಯಾಗಿದೆ, ಅಭಿರುಚಿಯಿದೆ, ಆದರೆ ದುಬಾರಿಯಾದದ್ದೇನೂ ಇಲ್ಲ ಎಂಬ ಸೂಚನೆಯನ್ನೂ ಸೇರಿಸುತ್ತಾನೆ. ನಾರ್ವೆಯ ಅತಿ ಪ್ರಸಿದ್ಧ ಹಾಲ್ ಇದು. ಮಿನಿಮಲಿಸಂನ ಲವಲೇಶವೂ ಇಲ್ಲ. ಆ ಪಿಂಗಾಣಿಯ ಹಲಗೆ ನಮ್ಮ ಮಧ್ಯಮವರ್ಗದ ಮನೆಗಳ ಶೋಕೇಸಿಗೆ ತೀರ ಹತ್ತಿರದ ನೆಂಟ.

ಈ ತುಂಬಿದ ಕೋಣೆಯಲ್ಲಿ ಇಬ್ಸನ್ ಹುಡುಕುವುದು ಅದರ ಲೆಕ್ಕವನ್ನು. ಗಂಡನ ಕಾಯಿಲೆ ವಾಸಿಮಾಡಲು ಇಟಲಿಗೆ ಹೋಗಬೇಕಾದಾಗ ನೋರಾ ಗುಟ್ಟಾಗಿ ಸಾಲ ಮಾಡಿದ್ದಾಳೆ, ಅದಕ್ಕಾಗಿ ತಂದೆಯ ಸಹಿಯನ್ನು ತಾನೇ ಹಾಕಿದ್ದಾಳೆ. ಮನೆಖರ್ಚಿನಲ್ಲಿ ಉಳಿಸಿ, ರಾತ್ರಿ ಬಾಗಿಲು ಹಾಕಿಕೊಂಡು ಕಾಗದಪತ್ರಗಳ ನಕಲು ಬರೆದು ಕಂತು ಕಟ್ಟುತ್ತಿದ್ದಾಳೆ. ನಾವು ನೋಡುತ್ತಿರುವ ನೆಮ್ಮದಿಯ ಹಾಲ್ ನಿಂತಿರುವುದು ಅವಳ ಈ ಗುಟ್ಟಿನ ದುಡಿಮೆಯ ಮೇಲೆ. ಗಂಡನಿಗೆ ಮಾತ್ರ ಅದು ಗೊತ್ತಿಲ್ಲ. ಎರಡನೆಯ ಅಂಕದ ಹೊತ್ತಿಗೆ ಕ್ರಿಸ್‌ಮಸ್ ಮರ ಮೂಲೆಯಲ್ಲಿ ಅಲಂಕಾರ ಕಳೆದುಕೊಂಡು, ಸುಟ್ಟ ಮೇಣದ ಮೋಟುಗಳೊಂದಿಗೆ ನಿಂತಿರುತ್ತದೆ. ಇಬ್ಸನ್ ಕೋಣೆಯನ್ನು ಖಾಲಿ ಮಾಡುವ ರೀತಿ ಇದು. ಅವನು ಸಾಮಾನು ತೆಗೆಯುವುದಿಲ್ಲ. ಕೊನೆಯಲ್ಲಿ ಅದರ ನಡುವಿನಿಂದ ಒಬ್ಬಳು ಹೆಂಗಸು ಎದ್ದು ಹೋಗುತ್ತಾಳೆ.

‘ಹೆಡ್ಡಾ ಗಾಬ್ಲರ್’ (1890) ಇನ್ನೂ ಸೂಕ್ಷ್ಮ. ಅಲ್ಲಿನ ನಾಯಕಿಯನ್ನು ಇವತ್ತಿನ ಭಾಷೆಯಲ್ಲಿ ಮಿನಿಮಲಿಸ್ಟ್ ಎಂದೇ ಕರೆಯಬಹುದು. ಮದುವೆಯಾಗಿ ಹೊಸ ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಅವಳಿಗೆ ಹೂಗಳು ಹೆಚ್ಚಾಗಿ ಉಸಿರು ಕಟ್ಟುತ್ತದೆ. ಬಿಸಿಲು ಹೆಚ್ಚಾಗಿ ಪರದೆ ಎಳೆಸುತ್ತಾಳೆ. ತನ್ನ ಹಳೆಯ ಪಿಯಾನೊ ಈ ಹಾಲ್‌ಗೆ ಹೊಂದುವುದಿಲ್ಲವೆಂದು ಅದನ್ನು ಒಳಕೋಣೆಗೆ ಸಾಗಿಸುವ ಮಾತಾಡುತ್ತಾಳೆ. ಎರಡನೆಯ ಅಂಕದಲ್ಲಿ ಅದು ಅಲ್ಲಿಂದ ಹೋಗಿಯೇ ಇರುತ್ತದೆ. ಈ ಮನೆಯ ಪೀಠೋಪಕರಣ ಮತ್ತು ಜಮಖಾನೆಗಳಿಗೆ ಜಾಮೀನು ನಿಂತವಳು ಗಂಡನ ಸೋದರತ್ತೆ ಯೂಲೆ. ಅದಕ್ಕಾಗಿ ಅವಳು ಅಡವಿಟ್ಟಿರುವುದು ತಾನೂ ಹಾಸಿಗೆ ಹಿಡಿದ ತಂಗಿಯೂ ಬದುಕುತ್ತಿರುವ ವರ್ಷಾಶನವನ್ನು. ಆ ಮುದುಕಿ ಸೊಸೆಯೆದುರು ಚೆನ್ನಾಗಿ ಕಾಣಬೇಕೆಂದು ಹೊಸ ಟೋಪಿ ಕೊಂಡು ಹಾಕಿಕೊಂಡು ಬಂದು, ಅದನ್ನು ಕುರ್ಚಿಯ ಮೇಲಿಟ್ಟಿದ್ದಾಳೆ. ಹೆಡ್ಡಾ ಅದನ್ನು ನೋಡಿ, ಕೆಲಸದವಳು ತನ್ನ ಹಳೇ ಟೋಪಿಯನ್ನು ಇಲ್ಲೇ ಬಿಟ್ಟಿದ್ದಾಳಲ್ಲ ಎನ್ನುತ್ತಾಳೆ. ಅದು ಅತ್ತೆಯದೆಂದು ಗೊತ್ತಿದ್ದೇ ಹಾಗೆಂದೆ ಎಂದು ಆಮೇಲೆ ಬ್ರ್ಯಾಕ್‌ನ ಹತ್ತಿರ ಒಪ್ಪಿಕೊಳ್ಳುತ್ತಾಳೆ.

ಒಂದು ಕುರ್ಚಿ, ಒಂದು ಟೋಪಿ. ಆ ಕುರ್ಚಿಗೆ ಹೊಣೆ ಹೊತ್ತವಳ ಟೋಪಿಗೇ ಅದರ ಮೇಲೆ ಜಾಗವಿಲ್ಲ. ಒಳಾಂಗಣದ ಅಭಿರುಚಿ ಎಂಬುದರ ಬಗ್ಗೆ ಇದಕ್ಕಿಂತ ಕಟುವಾದ ವಿಮರ್ಶೆಯನ್ನು ನಾನು ಓದಿಲ್ಲ. ಹಾಗೆಂದು ಇಬ್ಸನ್ ಹೆಡ್ಡಾಳನ್ನು ಬರಿಯ ದುಷ್ಟೆಯಾಗಿಸಿಲ್ಲ. ತನ್ನದಲ್ಲದ ಬದುಕಿನ ಸಾಮಾನುಗಳ ನಡುವೆ ಉಸಿರುಕಟ್ಟಿದವಳ ಚಡಪಡಿಕೆಯೂ ಅಲ್ಲಿದೆ. ಬೇಡದ್ದನ್ನು ತೆಗೆದುಹಾಕುವ ಆಸೆ ಸುಳ್ಳಲ್ಲ. ಆದರೆ ‘ಬೇಡದ್ದು’ ಯಾವುದೆಂದು ತೀರ್ಮಾನಿಸುವ ಕ್ಷಣದಲ್ಲಿ ಯಾರೋ ಒಬ್ಬರಿಗೆ ನೋವಾಗುತ್ತಿರುತ್ತದೆ.

*

ಹಾಗಾದರೆ ಖಾಲಿ ಕೋಣೆ ಎಲ್ಲಿಂದ ಬಂತು? ಚಿತ್ರಕಲೆಯಲ್ಲಿ ಅದರ ಪ್ರಸಿದ್ಧ ಮೂಲ ಡೆನ್ಮಾರ್ಕಿನ ವಿಲ್ಹೆಲ್ಮ್ ಹ್ಯಾಮರ್ಸ್‌ಹೋಯ್ (1864–1916). ಹೆಂಡತಿ ಇಡಾಳ ಜೊತೆ ಅವನು 1898ರಿಂದ 1909ರವರೆಗೆ ಕೋಪನ್‌ಹೇಗನ್ನಿನ ಸ್ಟ್ರಾಂಡ್‌ಗೇಡ್ ಬೀದಿಯ 30ನೇ ನಂಬರಿನ ಮನೆಯಲ್ಲಿದ್ದ. ಅದೇ ಮನೆಯ ಕೋಣೆಗಳನ್ನೇ ಮತ್ತೆ ಮತ್ತೆ ಬರೆದ. 1900ರ ಒಂದು ಚಿತ್ರದಲ್ಲಿ ಇರುವುದು ಕಿಟಕಿ, ಮುಚ್ಚಿದ ಬಾಗಿಲು, ಓರೆಯಾಗಿ ಬಿದ್ದ ಬಿಸಿಲು, ಆ ಬಿಸಿಲಿನಲ್ಲಿ ತೇಲುವ ಧೂಳಿನ ಕಣ. ಅಷ್ಟೇ. ಬೇರೆ ಹಲವು ಚಿತ್ರಗಳಲ್ಲಿ ಕಪ್ಪು ಉಡುಪಿನ ಇಡಾ ನಮಗೆ ಬೆನ್ನು ಮಾಡಿ ನಿಂತಿರುತ್ತಾಳೆ. ಕುತ್ತಿಗೆಯ ಹಿಂಭಾಗ ಕಾಣುತ್ತದೆ, ಮುಖ ಕಾಣುವುದಿಲ್ಲ.

ಇಂದು ಈ ಚಿತ್ರಗಳನ್ನು ನೋರ್ಡಿಕ್ ಸರಳತೆಯ ಪೂರ್ವಜರೆಂದು ತೋರಿಸುವುದುಂಟು. ಬಣ್ಣದ ಮಟ್ಟಿಗೆ ಅದು ಸರಿ. ಆ ಬೂದು, ಆ ಬಿಳುಪು ಅಲ್ಲಿಂದಲೇ ಬಂದಂತಿದೆ. ಆದರೆ ಅವುಗಳ ಮುಂದೆ ಸ್ವಲ್ಪ ಹೊತ್ತು ಕಳೆದವರಿಗೆ ನೆಮ್ಮದಿಗಿಂತ ಹೆಚ್ಚಾಗಿ ಆತಂಕ ಆಗುತ್ತದೆ. ಅಲ್ಲಿ ಏನೋ ಈಗಷ್ಟೇ ಮುಗಿದಿದೆ, ಅಥವಾ ಎಂದೂ ಶುರುವಾಗುವುದಿಲ್ಲ. ಆ ಖಾಲಿತನದಲ್ಲಿ ಒಬ್ಬಳು ಹೆಂಗಸಿದ್ದಾಳೆ, ಅವಳು ನಮ್ಮ ಕಡೆ ತಿರುಗುವುದಿಲ್ಲ. ಹ್ಯಾಮರ್ಸ್‌ಹೋಯ್ ಖಾಲಿ ಕೋಣೆಯನ್ನು ಮಾರಲಿಲ್ಲ, ಶಿಫಾರಸೂ ಮಾಡಲಿಲ್ಲ. ಅದರಲ್ಲಿ ಬದುಕುವುದು ಹೇಗಿರುತ್ತದೆಂದು ನೋಡುತ್ತ ನಿಂತ.

ಅದೇ ವರ್ಷಗಳಲ್ಲಿ ಸ್ವೀಡನ್ನಿನ ಡಲಾರ್ನಾ ಪ್ರಾಂತ್ಯದ ಸುಂಡ್‌ಬೋರ್ನ್ ಹಳ್ಳಿಯಲ್ಲಿ ಪೂರ್ತಿ ಬೇರೆ ಬಗೆಯ ಹಾಲ್ ಒಂದು ಚಿತ್ರಕ್ಕೆ ಬಂತು. ಕಾರ್ಲ್ ಲಾರ್ಸನ್‌ನ ಜಲವರ್ಣ ಚಿತ್ರಗಳ ಪುಸ್ತಕ ‘ಒಂದು ಮನೆ’ ಪ್ರಕಟವಾದದ್ದು 1899ರಲ್ಲಿ. ಕೆಂಪು, ಹಸಿರು, ನೀಲಿ ಬಳಿದ ಮರಗೆಲಸ, ಪಟ್ಟೆಪಟ್ಟೆಯ ನೇಯ್ಗೆ, ಕಿಟಕಿಯ ಗಿಡಗಳು, ಎಲ್ಲೆಂದರಲ್ಲಿ ಮಕ್ಕಳು. ಅಲ್ಲಿನ ಜವಳಿಯ ವಿನ್ಯಾಸ ಮತ್ತು ಹಲವು ಪೀಠೋಪಕರಣಗಳ ಕಲ್ಪನೆ ಹೆಂಡತಿ ಕರೀನ್‌ಳದು. ಅವಳು ತರಬೇತಿ ಪಡೆದ ಚಿತ್ರಕಾರ್ತಿ. ಅವಳ ಕೈ ಕ್ಯಾನ್‌ವಾಸಿನಿಂದ ಮಗ್ಗಕ್ಕೆ ಸರಿದಿತ್ತು. ಪುಸ್ತಕದ ಮೇಲಿದ್ದದ್ದು ಗಂಡನ ಹೆಸರು. ಕರೀನ್‌ಳ ಕೆಲಸಕ್ಕೆ ಅದರದೇ ಆದ ಮನ್ನಣೆ ಸಿಕ್ಕಿದ್ದು ಬಹಳ ತಡವಾಗಿ. ಸ್ವೀಡನ್ನಿನ ಜನಕ್ಕೆ ‘ಮನೆ’ ಎಂದರೆ ಕಣ್ಣಮುಂದೆ ಬರುತ್ತಿದ್ದ ಚಿತ್ರ ದಶಕಗಳ ಕಾಲ ಈ ಬಣ್ಣದ ಗದ್ದಲದ್ದೇ. ಹೀಗಾಗಿ ‘ಸ್ವಭಾವದ ಕನ್ನಡಿ’ ಎಂಬ ವಿವರಣೆ ಒಂದೇ ತಲೆಮಾರಿನ ಇಬ್ಬರು ಚಿತ್ರಕಾರರ ನಡುವೆಯೇ ಬಿರುಕುಬಿಡುತ್ತದೆ.

*

1899ರಲ್ಲೇ ಇನ್ನೊಂದು ಪುಸ್ತಕ ಬಂತು: ಎಲೆನ್ ಕೇ ಬರೆದ ‘ಎಲ್ಲರಿಗೂ ಸೌಂದರ್ಯ’. ಸ್ತ್ರೀಶಿಕ್ಷಣ, ಮಕ್ಕಳ ಹಕ್ಕುಗಳ ಬಗ್ಗೆ ಬರೆದ ಈ ಚಿಂತಕಿ ಅದರಲ್ಲಿ ವಾದಿಸಿದ್ದು ಇಷ್ಟು: ಚೆಲುವು ಶ್ರೀಮಂತರ ಸೊತ್ತಲ್ಲ; ತನ್ನ ಕೆಲಸವನ್ನು ಸರಿಯಾಗಿ ಮಾಡುವ, ಅಬ್ಬರವಿಲ್ಲದ, ಅಗ್ಗದ ವಸ್ತುವೂ ಸುಂದರವಾಗಿರಬಹುದು; ಅಂಥ ವಸ್ತು ಕೂಲಿಕಾರನ ಮನೆಗೂ ಸಿಗಬೇಕು. ಸರಳತೆ ಇಲ್ಲಿ ಮೊದಲ ಬಾರಿಗೆ ನ್ಯಾಯದ ಪ್ರಶ್ನೆಯಾಗಿ ಕಾಣಿಸಿಕೊಳ್ಳುತ್ತದೆ. 1919ರಲ್ಲಿ ಗ್ರೆಗೊರ್ ಪೌಲ್ಸನ್ ‘ದಿನನಿತ್ಯದ ವಸ್ತುಗಳು ಇನ್ನಷ್ಟು ಚೆಲುವಾಗಲಿ’ ಎಂಬ ಆಶಯದ ಪುಸ್ತಕ ಬರೆದ. 1928ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ನಾಯಕ ಪೇರ್ ಆಲ್ಬಿನ್ ಹಾನ್ಸನ್ ದೇಶವನ್ನೇ ‘ಜನರ ಮನೆ’ ಎಂದು ಕಲ್ಪಿಸಿಕೊಂಡು ಭಾಷಣ ಮಾಡಿದ. 1930ರಲ್ಲಿ ಸ್ಟಾಕ್‌ಹೋಮ್ ಪ್ರದರ್ಶನ ನಡೆಯಿತು. ಗುನ್ನಾರ್ ಆಸ್ಪ್ಲುಂಡ್ ಅದರ ಮುಖ್ಯ ವಾಸ್ತುಶಿಲ್ಪಿ. ಗಾಜು, ಉಕ್ಕು, ಬಿಳಿ ಗೋಡೆ, ದೊಡ್ಡ ಕಿಟಕಿಯ ಮಾದರಿ ಮನೆಗಳನ್ನು ಜನ ಲಕ್ಷಗಟ್ಟಲೆ ಬಂದು ನೋಡಿದರು. ಮರುವರ್ಷ ಆಸ್ಪ್ಲುಂಡ್, ಪೌಲ್ಸನ್ ಸೇರಿದಂತೆ ಆರು ಮಂದಿ ‘ಒಪ್ಪಿಕೊಳ್ಳಿ’ ಎಂಬ ಹೆಸರಿನ ಪ್ರಣಾಳಿಕೆಯನ್ನೇ ತಂದರು. ಕಣ್ಣೆದುರಿನ ಕಾಲವನ್ನು, ಯಂತ್ರವನ್ನು, ಕಿಕ್ಕಿರಿದ ನಗರವನ್ನು ಒಪ್ಪಿಕೊಂಡರೆ ಮಾತ್ರ ಅದನ್ನು ಬದಲಿಸಬಹುದು ಎಂಬುದು ಅದರ ತಿರುಳು.

ಬಿಳಿ ಗೋಡೆಗೆ ಇಲ್ಲಿ ಸ್ಪಷ್ಟ ಕಾರಣಗಳಿದ್ದವು. ಸ್ಟಾಕ್‌ಹೋಮ್ ಇರುವುದು ಉತ್ತರ ಅಕ್ಷಾಂಶದ 59ನೇ ಡಿಗ್ರಿಯಲ್ಲಿ. ಡಿಸೆಂಬರಿನಲ್ಲಿ ಹಗಲು ಸುಮಾರು 6 ಗಂಟೆ. ಸಿಕ್ಕಷ್ಟು ಬೆಳಕನ್ನು ಗೋಡೆಯೇ ಹಿಂದಿರುಗಿಸಬೇಕು. ಕ್ಷಯರೋಗದ ಭಯವಿದ್ದ ಕಾಲ. ಧೂಳು ಕೂರದ, ಬೇಗ ಒರೆಸಬಹುದಾದ ಮೇಲ್ಮೈ ಬೇಕಿತ್ತು. ಒಂದೆರಡು ಕೋಣೆಯ ಮನೆಯಲ್ಲಿ ಇಡೀ ಸಂಸಾರ ಇರಬೇಕಾಗಿತ್ತು. ಡೆನ್ಮಾರ್ಕಿನ ತೋವ ಡಿಟ್ಲೆವ್ಸನ್‌ಳ ಆತ್ಮಕತೆಯ ಮೊದಲ ಭಾಗ ‘ಬಾಲ್ಯ’ (1967) ಓದಿದವರಿಗೆ ಕೋಪನ್‌ಹೇಗನ್ನಿನ ವೆಸ್ಟರ್‌ಬ್ರೋ ಬಡಾವಣೆಯ ಅಂಥ ಒಂದು ಕೂಲಿಕಾರರ ಮನೆ ನೆನಪಿರುತ್ತದೆ. ಕವಿತೆ ಬರೆಯುವ ಹುಡುಗಿಗೆ ಅಲ್ಲಿ ತನ್ನದೆನ್ನುವ ಮೂಲೆಯೂ ಇಲ್ಲ. ಅವಳ ನೋಟ್‌ಬುಕ್ಕಿನ ಗುಟ್ಟೇ ಅವಳ ಕೋಣೆ. 1930ರ ದಶಕದ ವಾಸ್ತುಶಿಲ್ಪಿಗಳ ಕಣ್ಣಮುಂದೆ ಇದ್ದದ್ದು ಇಂಥ ಮನೆಗಳು. ಅವರು ಕೋಣೆಯಿಂದ ಸಾಮಾನು ತೆಗೆಸಿದ್ದು ಮನುಷ್ಯರಿಗೆ ಜಾಗವಾಗಲಿ ಎಂದು.

ಆದರೆ ಇಲ್ಲೂ ಒಂದು ತೊಡಕಿತ್ತು. ಕೂಲಿಕಾರರ ಕುಟುಂಬಗಳು ಎರಡು ಕೋಣೆಯ ಮನೆ ಸಿಕ್ಕರೂ ಒಂದನ್ನು ಅತಿಥಿಗಳಿಗಾಗಿ ಮೀಸಲಿಟ್ಟು, ಅಡುಗೆಮನೆಯಲ್ಲೇ ಒತ್ತೊತ್ತಾಗಿ ಮಲಗುತ್ತಿದ್ದವು. ಆ ಮೀಸಲು ಕೋಣೆಗೆ ‘ಫೀನ್‌ರುಮ್’, ಎಂದರೆ ಚೆಂದದ ಕೋಣೆ, ಎಂಬ ಹೆಸರು. ಬ್ರಿಟಾ ಓಕರ್‌ಮನ್ ಕುಟುಂಬಗಳ ವಾಸದ ರೀತಿಯನ್ನು ಅಧ್ಯಯನ ಮಾಡಿ 1941ರಲ್ಲಿ ತಂದ ಪುಸ್ತಕ ಈ ಚರ್ಚೆಯ ಮುಖ್ಯ ದಾಖಲೆ. ತಜ್ಞರಿಗೆ ಇದು ಮೂಢತನವಾಗಿ ಕಂಡಿತು. ಇರುವ ಜಾಗವನ್ನು ಬಳಸಿರಿ, ಚೆಂದದ ಕೋಣೆಯನ್ನು ದಿನನಿತ್ಯದ ಕೋಣೆ ಮಾಡಿಕೊಳ್ಳಿರಿ ಎಂದು ಉಪದೇಶಿಸಿದರು. ಅವರು ಹೇಳಿದ್ದು ತರ್ಕಬದ್ಧ. ಆದರೆ ಬೀಗ ಹಾಕಿಟ್ಟ ಆ ಒಂದು ಕೋಣೆ ಬಡವನಿಗೆ ಮರ್ಯಾದೆಯ ಜಾಗವೂ ಆಗಿತ್ತೆಂಬುದನ್ನು ಗ್ರಹಿಸಲು ಮೇಲಿನಿಂದ ನೋಡುವ ಕಣ್ಣಿಗೆ ಕಷ್ಟವಾಯಿತು. ‘ಎಲ್ಲರಿಗೂ ಸೌಂದರ್ಯ’ ಎಂಬ ಘೋಷಣೆಯಲ್ಲಿ ‘ಎಲ್ಲರಿಗೂ’ ಎಂಬುದು ನಿಜವಾಗಿತ್ತು. ‘ಸೌಂದರ್ಯ’ ಎಂದರೇನೆಂದು ಮಾತ್ರ ಕೆಲವರೇ ತೀರ್ಮಾನಿಸಿದರು. ಈ ಉದಾರತೆ ಮತ್ತು ಈ ಅಧಿಕಾರ ಎರಡೂ ಬಿಳಿ ಕೋಣೆಯ ಹುಟ್ಟಿನಲ್ಲೇ ಇವೆ. ಒಂದನ್ನು ಮಾತ್ರ ಹೇಳಿದರೆ ಅರ್ಧ ಸತ್ಯ.

*

ಆ ಅಧಿಕಾರದ ಮುಖವನ್ನು ಎಲ್ಲರಿಗಿಂತ ಕ್ರೂರವಾಗಿ ತೋರಿಸಿದವನು ಇಂಗ್ಮಾರ್ ಬರ್ಗ್‌ಮನ್. ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ (1982) ಸಿನಿಮಾದ ಕತೆಯನ್ನು ಮೂರು ಕೋಣೆಗಳ ಕತೆಯಾಗಿಯೂ ನೋಡಬಹುದು. ಮೊದಲನೆಯದು ಅಜ್ಜಿ ಹೆಲೆನಾ ಎಕ್ದಾಲ್‌ಳ ಮನೆ: ಕೆಂಪು ಪರದೆ, ಗಿಡ, ಗಡಿಯಾರ, ವಿಗ್ರಹ, ಚಿತ್ರಪಟ, ಕ್ರಿಸ್‌ಮಸ್ ಹಬ್ಬದ ಊಟ, ಕೈಕೈ ಹಿಡಿದು ಕೋಣೆಯಿಂದ ಕೋಣೆಗೆ ಕುಣಿಯುತ್ತ ಸಾಗುವ ಜನ. ಎರಡನೆಯದು ಬಿಷಪ್ ವೆರ್ಗೆರುಸ್‌ನ ಮನೆ: ಬರಿಯ ಗೋಡೆ, ಗಟ್ಟಿ ಕುರ್ಚಿ, ಬೂದು ಬೆಳಕು, ಬೀಗ ಹಾಕಿದ ಬಾಗಿಲು. ಗಂಡ ಸತ್ತ ಎಮಿಲೀ ಬಿಷಪ್ಪನನ್ನು ಮದುವೆಯಾಗಲು ಒಪ್ಪಿದಾಗ ಅವನು ಇಡುವ ಷರತ್ತು ಇದು: ನೀನೂ ಮಕ್ಕಳೂ ನಿಮ್ಮದೆನ್ನುವುದೆಲ್ಲವನ್ನೂ ಬಿಟ್ಟು ಬರಬೇಕು. ಬಟ್ಟೆ, ಒಡವೆ, ಸಾಮಾನು ಮಾತ್ರವಲ್ಲ, ಗೆಳೆಯರನ್ನೂ ಹಳೆಯ ರೂಢಿಗಳನ್ನೂ ಬಿಟ್ಟು ಬರಬೇಕು. ಬೇಡದ್ದನ್ನೆಲ್ಲ ಕಳಚಿ ಹಗುರಾಗಿ ಎಂಬ ಇಂದಿನ ಉಪದೇಶವನ್ನು ಕೇಳಿದಾಗಲೆಲ್ಲ ನನಗೆ ಈ ದೃಶ್ಯ ಅಡ್ಡ ಬರುತ್ತದೆ.

ಮಕ್ಕಳನ್ನು ಅಲ್ಲಿಂದ ಬಿಡಿಸುವವನು ಯಹೂದಿ ವ್ಯಾಪಾರಿ ಇಸಾಕ್ ಯಾಕೋಬಿ. ಅವನು ಬಿಷಪ್ಪನ ಮನೆಗೆ ಬರುವುದು ಒಂದು ಹಳೆಯ ಪೆಟ್ಟಿಗೆಯನ್ನು ಕೊಳ್ಳುವ ನೆಪದಲ್ಲಿ. ಆ ಪೆಟ್ಟಿಗೆಯೊಳಗೆ ಮಕ್ಕಳನ್ನು ಅಡಗಿಸಿ ಸಾಗಿಸುತ್ತಾನೆ. ಅವರು ಬಂದು ಸೇರುವ ಮೂರನೆಯ ಜಾಗ ಅವನ ಅಂಗಡಿ: ಸಾಮಾನಿನ ಮೇಲೆ ಸಾಮಾನು, ಬೊಂಬೆಗಳು, ಮಂದ ಬೆಳಕು, ದಾರಿತಪ್ಪುವಷ್ಟು ಕಿಕ್ಕಿರಿದ ಕೋಣೆಗಳು. ಬರ್ಗ್‌ಮನ್‌ನ ಲೋಕದಲ್ಲಿ ಮಕ್ಕಳು ಬದುಕುಳಿಯುವುದು ಒಂದು ಹಳೆಯ ಸಾಮಾನಿನೊಳಗೆ ಅಡಗಿ, ಸಾಮಾನುಗಳ ನಡುವೆ ಸೇರಿಕೊಂಡು. ಇದನ್ನು ಬರೆದು ನಿರ್ದೇಶಿಸಿದವನು ಸ್ವೀಡನ್ನಿನವನು, ಪಾದ್ರಿಯ ಮಗ. ಉತ್ತರದ ಸರಳತೆಯ ಬಗ್ಗೆ ಮಾತಾಡುವವರು ಅವನನ್ನು ಸಾಕ್ಷಿಗೆ ಕರೆಯುವುದು ಕಡಿಮೆ.

ಕರೆಯದ ಇನ್ನೊಬ್ಬ ಸಾಕ್ಷಿ ಯೋಸೆಫ್ ಫ್ರಾಂಕ್. ವಿಯೆನ್ನಾದ ಯಹೂದಿ ವಾಸ್ತುಶಿಲ್ಪಿ. ಅಲ್ಲಿನ ಯಹೂದಿ ದ್ವೇಷ ಏರುತ್ತಿದ್ದಂತೆ 1930ರ ದಶಕದ ಮೊದಲ ಭಾಗದಲ್ಲಿ ಹೆಂಡತಿಯ ನಾಡಾದ ಸ್ವೀಡನ್ನಿಗೆ ಬಂದು, ಎಸ್ಟ್ರಿಡ್ ಎರಿಕ್ಸನ್ 1924ರಲ್ಲಿ ತೆರೆದಿದ್ದ ‘ಸ್ವೆನ್ಸ್ಕ್ತ್ ಟೆನ್’ ಎಂಬ ಅಂಗಡಿಗೆ ವಿನ್ಯಾಸಗಳನ್ನು ಮಾಡಿದ. ಅವನ ಬಟ್ಟೆಗಳ ತುಂಬ ದೊಡ್ಡದೊಡ್ಡ ಹೂ, ಬಳ್ಳಿ, ಹಕ್ಕಿ. ಕಟ್ಟುನಿಟ್ಟಾದ ಕೋಣೆಯನ್ನು ಅವನು ನಂಬುತ್ತಿರಲಿಲ್ಲ. ಹಳತು ಹೊಸತು, ಬೇರೆ ಬೇರೆ ಊರಿನ ವಸ್ತುಗಳು ಆಕಸ್ಮಿಕವಾಗಿ ಸೇರಿದಂತಿದ್ದರೆ ಮಾತ್ರ ಮನೆ ಮನೆಯಾಗುತ್ತದೆ ಎಂಬುದು ಅವನ ನಿಲುವು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ‘ಸ್ವೀಡಿಶ್ ಮಾಡರ್ನ್’ ಎಂದು ಜಗತ್ತು ನೋಡಿದ್ದರಲ್ಲಿ ಈ ವಲಸಿಗನ ಕೈಕೆಲಸವೂ ಇತ್ತು. ಊರು ಬಿಟ್ಟು ಬಂದವನು ಬರಿಯ ಗೋಡೆಯನ್ನು ಮೆಚ್ಚದಿದ್ದದ್ದು ಅರ್ಥವಾಗುವಂಥದ್ದು.

*

ಇಷ್ಟೊಂದು ದನಿಗಳಿದ್ದ ವಾದ ಒಂದೇ ಶೈಲಿಯಾಗಿ ಗಟ್ಟಿಯಾದದ್ದು ರಫ್ತಿನ ದಾರಿಯಲ್ಲಿ. 1954ರಿಂದ 1957ರವರೆಗೆ ‘ಡಿಸೈನ್ ಇನ್ ಸ್ಕ್ಯಾಂಡಿನೇವಿಯಾ’ ಎಂಬ ಪ್ರದರ್ಶನ ಅಮೆರಿಕ ಮತ್ತು ಕೆನಡಾದ ಮ್ಯೂಸಿಯಂಗಳಲ್ಲಿ ಸುತ್ತಿತು. ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್‌ಗಳ ಬೇರೆಬೇರೆ ಚರಿತ್ರೆಗಳು ಅಲ್ಲಿ ಒಂದೇ ಹೆಸರಿನಡಿ ಬಂದವು. ಮಾರುಕಟ್ಟೆಗೆ ಒಂದು ಸ್ವಭಾವ ಬೇಕಾಗುತ್ತದೆ. ನಾಲ್ಕು ಚರಿತ್ರೆಗಳನ್ನು ಹೇಳುತ್ತ ಕೂತರೆ ಕುರ್ಚಿ ಮಾರಾಟವಾಗುವುದಿಲ್ಲ.

ಇಂಗ್ವಾರ್ ಕಂಪ್ರಾದ್ 1943ರಲ್ಲಿ ಶುರುಮಾಡಿದ ಐಕಿಯಾ ಈ ಕತೆಯ ಮುಂದಿನ ಅಧ್ಯಾಯ. 1951ರಿಂದ ಅದರ ಕ್ಯಾಟಲಾಗ್ ಬರತೊಡಗಿತು. ಬಿಚ್ಚಿ ಚಪ್ಪಟೆ ಪೆಟ್ಟಿಗೆಯಲ್ಲಿ ಕಟ್ಟಿದ, ಮನೆಗೊಯ್ದು ನಾವೇ ಜೋಡಿಸಿಕೊಳ್ಳುವ ಮೇಜು 1956ರಲ್ಲಿ. ಅಗ್ಗದ, ಸರಳ ವಸ್ತು ಎಲ್ಲರ ಮನೆಗೂ ಎಂಬ ಎಲೆನ್ ಕೇಯ ಆಸೆಯನ್ನು ಒಂದು ಅರ್ಥದಲ್ಲಿ ಈಡೇರಿಸಿದ್ದು ಈ ಅಂಗಡಿಯೇ. ಅದನ್ನು ಹೀಗಳೆಯುವುದು ಸುಲಭ; ಆದರೆ ಕಡಿಮೆ ಸಂಬಳದಲ್ಲಿ ಮೊದಲ ಪುಸ್ತಕದ ಕಪಾಟು ಕೊಂಡವರು ಹಾಗೆ ಹೀಗಳೆಯಲಾರರು. ನನಗೆ ಕುತೂಹಲವಿರುವುದು ಆ ಕ್ಯಾಟಲಾಗನ್ನು ಒಂದು ಪಠ್ಯವಾಗಿ ಓದುವುದರಲ್ಲಿ. 2016ರಲ್ಲಿ ಅದು 32 ಭಾಷೆಗಳಲ್ಲಿ 20 ಕೋಟಿ ಪ್ರತಿ ಅಚ್ಚಾಯಿತು. 2021ರ ಸಂಚಿಕೆ ಕೊನೆಯದು. ಇಬ್ಸನ್‌ನ ರಂಗಸೂಚನೆಯ ಹಾಗೆಯೇ ಇದೂ ಹಾಲ್‌ನ ಸಾಮಾನುಗಳ ಪಟ್ಟಿ. ವ್ಯತ್ಯಾಸವೆಂದರೆ ಇಲ್ಲಿ ಬೆಲೆ ಕಾಣುತ್ತದೆ, ಸಾಲ ಕಾಣುವುದಿಲ್ಲ. ಅಡವಿಟ್ಟ ವರ್ಷಾಶನವಿಲ್ಲ, ಸಾವಿಲ್ಲ, ಜಗಳವಿಲ್ಲ, ಅತ್ತೆಯಿಲ್ಲ. ಬಹಳಷ್ಟು ಚಿತ್ರಗಳಲ್ಲಿ ಕೋಣೆಯೇ ಇರಲಿಲ್ಲ. 2014ರ ಹೊತ್ತಿಗೆ ತಮ್ಮ ಉತ್ಪನ್ನಗಳ ಚಿತ್ರಗಳಲ್ಲಿ ನೂರಕ್ಕೆ 75ರಷ್ಟು ಕಂಪ್ಯೂಟರಿನಲ್ಲೇ ತಯಾರಾದವು ಎಂದು ಕಂಪನಿಯವರೇ ಹೇಳಿಕೊಂಡರು.

2012ರಲ್ಲಿ ಒಂದು ಘಟನೆ ನಡೆಯಿತು. ಸೌದಿ ಅರೇಬಿಯಾದ ಆವೃತ್ತಿಯಲ್ಲಿ ಹೆಂಗಸರ ಚಿತ್ರಗಳನ್ನು ಅಳಿಸಿಹಾಕಿದ್ದನ್ನು ಸ್ವೀಡನ್ನಿನ ಪತ್ರಿಕೆಯೊಂದು ಬಯಲಿಗೆಳೆಯಿತು. ಬೇರೆ ದೇಶಗಳ ಪ್ರತಿಯಲ್ಲಿ ಇದ್ದವಳು ಈ ಪ್ರತಿಯಲ್ಲಿ ಇಲ್ಲ. ಕೋಣೆ ಹಾಗೇ ಇದೆ. ಟೀಕೆ ಬಂದ ಮೇಲೆ ಕಂಪನಿ ವಿಷಾದ ಹೇಳಿತು. ಇದು ಒಂದು ದೇಶದ ಕಟ್ಟುಪಾಡಿಗೆ ಬಾಗಿದ ವ್ಯಾಪಾರದ ತಪ್ಪು ಎಂದು ಮುಗಿಸಬಹುದು. ಆದರೆ ಒಬ್ಬಳನ್ನು ಅಳಿಸಿದರೂ ಏನೂ ಕಡಿಮೆಯಾಗದಂತೆ ಕಾಣುವ ಕೋಣೆ ಮೊದಲಿನಿಂದಲೂ ಎಂಥ ಕೋಣೆಯಾಗಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ನೋರಾ ಎದ್ದು ಹೋದಾಗ ಅವಳ ಮನೆ ಕುಸಿಯುತ್ತದೆ. ಹ್ಯಾಮರ್ಸ್‌ಹೋಯ್‌ನ ಇಡಾ ಬೆನ್ನು ತಿರುಗಿಸಿದರೂ ಚಿತ್ರದ ಭಾರವೆಲ್ಲ ಅವಳ ಮೇಲೇ ಇರುತ್ತದೆ.

ಈ ಬಿಳುಪಿನ ಬೆನ್ನಿಗಿರುವ ಕೈಗಳನ್ನು ಮತ್ತೆ ಸಾಹಿತ್ಯಕ್ಕೆ ತಂದದ್ದು ಕಾರ್ಲ್ ಊವೆ ಕ್ನಾಸ್ಗೋರ್‌ನ ಆರು ಸಂಪುಟಗಳ ಆತ್ಮಕಥಾತ್ಮಕ ಕಾದಂಬರಿಯ ಮೊದಲ ಭಾಗ (2009). ಕುಡಿದು ಕುಡಿದು ತಂದೆ ಸತ್ತಿದ್ದಾನೆ, ಅಜ್ಜಿಯ ಮನೆಯ ಹಾಲ್‌ನ ಕುರ್ಚಿಯಲ್ಲಿ. ಅಣ್ಣತಮ್ಮ ಇಬ್ಬರೂ ಅಲ್ಲಿಗೆ ಹೋದರೆ ಮನೆ ತುಂಬ ಬಾಟಲಿ, ಕೊಳೆತ ಬಟ್ಟೆ, ಹೊಲಸು. ಅನಂತರ ಪುಟಗಟ್ಟಲೆ ತೊಳೆಯುವ ಕೆಲಸದ ವಿವರ. ಬಕೆಟ್ಟು, ಬಟ್ಟೆ, ಕ್ಲೋರಿನ್ನಿನ ವಾಸನೆ, ಮೆಟ್ಟಿಲಿನ ಕಂಬಿ, ಕಿಟಕಿಯ ಗಾಜು. ಇತ್ತೀಚಿನ ನಾರ್ವೆ ಸಾಹಿತ್ಯದ ಹೆಸರಾಂತ ಹಾಲ್ ಇದು. ಇಲ್ಲಿ ಸ್ವಚ್ಛತೆ ಎಂಬುದು ಸ್ವಭಾವವೂ ಅಲ್ಲ, ಶೈಲಿಯೂ ಅಲ್ಲ. ಮೊಣಕಾಲೂರಿ ಮಾಡುವ ಕೆಲಸ. ತೊಳೆಯುತ್ತ ತೊಳೆಯುತ್ತಲೇ ಮಗ ತಂದೆಗಾಗಿ ಅಳುತ್ತಾನೆ.

*

ಇದನ್ನೆಲ್ಲ ಕನ್ನಡದಲ್ಲಿ ಕೂತು ಯೋಚಿಸಲು ನಮಗೆ ಕಾರಣವಿದೆ. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ಅಂಗಡಿ ತೆರೆಯಿತು. ಮಾದರಿ ಕೋಣೆಗಳ ಸಾಲಿನಲ್ಲಿ ಸಂಸಾರಗಳು ನಡೆದು ಹೋಗುತ್ತವೆ, ಸೋಫಾದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತವೆ. 1930ರ ಸ್ಟಾಕ್‌ಹೋಮ್ ಪ್ರದರ್ಶನದ ಮಾದರಿ ಮನೆಗಳ ಮುಂದೆ ನಿಂತ ಜನರ ಕುತೂಹಲಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ, ಇದರಲ್ಲಿ ನಗುವಂಥದ್ದೂ ಇಲ್ಲ. ಆದರೆ ನಮ್ಮಲ್ಲಿ ಹಗಲು ಅತಿ ಚಿಕ್ಕದಾದ ದಿನವೂ 11 ಗಂಟೆಗೂ ಹೆಚ್ಚು ಬೆಳಕಿರುತ್ತದೆ. ಬೆಳಕನ್ನು ಹಿಡಿದಿಡುವುದಕ್ಕಿಂತ ತಡೆಯುವುದೇ ನಮ್ಮ ಹಳೆಯ ಮನೆಗಳ ಜಾಣತನವಾಗಿತ್ತು. ಜಗುಲಿಯ ಇಳಿಮಾಡು, ತಂಪು ನೆಲದ ಪಡಸಾಲೆ ಅದಕ್ಕೇ ಇದ್ದವು. ಧೂಳಿನ ಊರಿನಲ್ಲಿ ಬಿಳಿ ಸೋಫಾ ಬಿಳಿಯಾಗಿ ಉಳಿಯಬೇಕಾದರೆ ದಿನವೂ ಯಾರೋ ಒರೆಸಬೇಕು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಆ ‘ಯಾರೋ’ ಬೇರೆ ಲಿಫ್ಟಿನಲ್ಲಿ ಬಂದು ಹೋಗುವುದೂ ಉಂಟು.

ಮಿನಿಮಲಿಸಂ ಮಾಡಲು ಹೊರಟ ಮನೆಯಲ್ಲಿ ಮೊದಲು ಹೋಗುವುದು ಶೋಕೇಸು. ಅದರಲ್ಲಿ ಏನಿರುತ್ತದೆಂದು ನಮಗೆ ಗೊತ್ತು: ಚನ್ನಪಟ್ಟಣದ ಬೊಂಬೆ, ಶಾಲೆಯ ಕಪ್ಪು, ಯಾರದೋ ಮದುವೆಯಲ್ಲಿ ಕೊಟ್ಟ ಗಡಿಯಾರ, ಧರ್ಮಸ್ಥಳದಿಂದ ತಂದ ಪಟ. ಆಮೇಲೆ ಗೋಡೆಯಿಂದ ಇಳಿಯುವುದು ಹಾರ ಹಾಕಿದ ಅಜ್ಜನ ಫೋಟೋ. ಇವೆಲ್ಲ ಉಳಿಯಲೇಬೇಕೆಂದು ನಾನು ಹೇಳುತ್ತಿಲ್ಲ. ಸತ್ತವರ ಕಣ್ಣೆದುರು ಬದುಕಿ ಸಾಕಾಗಿ ಬಿಳಿ ಗೋಡೆಯಲ್ಲಿ ಮೊದಲ ಬಾರಿಗೆ ಉಸಿರಾಡಿದ ಹೆಣ್ಣುಮಕ್ಕಳು ಇದ್ದಾರೆ. ಹೆಡ್ಡಾಳ ಚಡಪಡಿಕೆ ಅವರಿಗೆ ಅರ್ಥವಾಗುತ್ತದೆ. ತೆಗೆಯುವುದಾದರೆ ಯಾಕೆಂದು ಗೊತ್ತಿದ್ದು ತೆಗೆಯೋಣ, ‘ಅಲ್ಲಿನವರು ಹಾಗೆಯೇ ಇರುತ್ತಾರೆ’ ಎಂಬ ಕಾರಣಕ್ಕಲ್ಲ. ಅಲ್ಲಿನವರು ಹಾಗೆ ಇರಲಿಲ್ಲ. ಹಾಗಿರಬೇಕೇ ಎಂದು ತಮ್ಮತಮ್ಮಲ್ಲೇ ಜಗಳವಾಡಿದರು, ಆ ಜಗಳವನ್ನು ನಾಟಕ, ಚಿತ್ರ, ಸಿನಿಮಾಗಳಾಗಿ ಬಿಟ್ಟುಹೋದರು.

ಒಂದು ಹಾಲ್ ಚೆನ್ನಾಗಿದೆಯೇ ಎಂದು ಅಳೆಯಲು ಅವರೇ ಕೊಟ್ಟ ಎರಡು ಅಳತೆಗೋಲುಗಳಿವೆ. ಒಂದು ಆ ಕೋಣೆಯ ಹೆಸರು: ಅಲ್ಲಿ ದಿನನಿತ್ಯ ನಡೆಯುತ್ತದೆಯೇ? ಇನ್ನೊಂದು ಯೂಲೆ ಅತ್ತೆಯ ಟೋಪಿ. ಹಳ್ಳಿಯಿಂದ ಬಂದ ಅತ್ತೆ ತನ್ನ ಪ್ಲಾಸ್ಟಿಕ್ ಚೀಲವನ್ನು ಬೂದು ಸೋಫಾದ ಮೇಲಿಟ್ಟಾಗ ಮನೆಯವರ ಕಣ್ಣು ಎತ್ತ ಹೋಗುತ್ತದೆಂದು ನೋಡಿದರೆ, ಆ ಕೋಣೆಯ ಶೈಲಿ ಯಾವುದೆಂದು ತಿಳಿಯುತ್ತದೆ.